ಎರಡು ಮಾಸು ಕಂಡ ಮಾತ್ರಕ್ಕೆ ಎರಡು ಅಂಡ ಎನ್ನಲಾಗದು

ಪ್ರಶ್ನೆ: ಡಾಕ್ಟರೇ, ನನಗೀಗ 13 ವಾರ. ಮೊದಲ ಬಸಿರು. ಸ್ಕ್ಯಾನಿಂಗ್‌ನಲ್ಲಿ ಅವಳಿ ಅಂತ ಗೊತ್ತಾಯಿತು. ವರದಿಯಲ್ಲಿ ‘ಡಿಸಿಡಿಎ ಟ್ವಿನ್ಸ್’ ಎಂದು ಬರೆದಿದ್ದಾರೆ. ಮಾಸು ಎರಡಿವೆ, ಹಾಗಾಗಿ ಮಕ್ಕಳು ಒಂದೇ ಥರ ಇರುವುದಿಲ್ಲ ಎಂದು ಅಲ್ಲಿದ್ದವರು ಹೇಳಿದರು. ನಮ್ಮ ಯಜಮಾನರ ಅಜ್ಜಿಗೆ ಅವಳಿ ಹೆಣ್ಣುಮಕ್ಕಳಿದ್ದರಂತೆ, ಅಚ್ಚು ಹೊಯ್ದ ಹಾಗೆ ಒಂದೇ ಥರ. ‘ಇದು ನಮ್ಮ ವಂಶದ್ದೇ’ ಅನ್ನುತ್ತಾರೆ ಅತ್ತೆ. ಜೋಡಿ ಬಾಳೆಹಣ್ಣು ತಿಂದಿದ್ದೆಯಾ ಅಂತ ಓರಗಿತ್ತಿ ಕೇಳುತ್ತಾಳೆ. ಒಂದೇ ಅಂಡ ಎರಡು ಮಗು ಆಗುವುದು ಯಾವಾಗ, ಯಾಕೆ? ನನ್ನ ಮಕ್ಕಳು ಆ ಬಗೆಯವರೋ ಅಲ್ಲವೋ ತಿಳಿಯುವುದು ಹೇಗೆ? ಹಾಗೆ ಹುಟ್ಟಿದರೆ ಇಬ್ಬರ ಆಧಾರ್ ಬೆರಳಚ್ಚೂ ಒಂದೇ ಬರುತ್ತದಾ?

ಉತ್ತರ: ಮೊದಲು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೇಳಿದ ಮಾತನ್ನು ಸರಿಪಡಿಸಿಕೊಳ್ಳೋಣ. ಮಾಸು ಎರಡಿದ್ದರೆ ಮಕ್ಕಳು ಎರಡು ಬೇರೆ ಅಂಡಗಳಿಂದ ಬಂದವರು ಎನ್ನುವುದು ನಿಜವಲ್ಲ. ಒಂದೇ ಅಂಡದಿಂದ ಹುಟ್ಟುವ ಅವಳಿಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಜೋಡಿಗೆ ಎರಡು ಮಾಸು, ಎರಡು ನೀರಿನ ಚೀಲ ಇರುತ್ತವೆ. ಒಂದೇ ಮಾಸು ಇದ್ದರೆ ಒಂದೇ ಅಂಡ ಎನ್ನಬಹುದು, ಅದಕ್ಕೆ ಅಪವಾದ ತೀರಾ ಅಪರೂಪ. ಆದರೆ ಆ ಮಾತನ್ನು ತಿರುಗಿಸಿ ಹೇಳಲು ಬರುವುದಿಲ್ಲ. ಇದು ದೊಡ್ಡ ಆಸ್ಪತ್ರೆಗಳಲ್ಲೂ ಕೇಳಿಬರುವ ತಪ್ಪು. ಎಷ್ಟೋ ಮಂದಿ ತಾವು ಏಕರೂಪಿ, ಅಂದರೆ ಒಂದೇ ಅಂಡದ, ಅವಳಿಗಳಲ್ಲ ಎಂದೇ ನಂಬಿ ಬೆಳೆದು, ದೊಡ್ಡವರಾದ ಮೇಲೆ ಡಿಎನ್ಎ ಪರೀಕ್ಷೆಯಲ್ಲಿ ನಿಜ ತಿಳಿದುಕೊಳ್ಳುವುದು ಇದೇ ಕಾರಣಕ್ಕೆ.

ನಿಮ್ಮಂಥವರ ವಿಷಯದಲ್ಲಿ ಸಾಧ್ಯತೆ ಎಷ್ಟು ಎಂದು ಒಂದು ಅಂದಾಜು ಹಾಕೋಣ. ಔಷಧಿಯಿಲ್ಲದೆ ತಾನಾಗಿ ಆದ 100 ಅವಳಿ ಬಸಿರುಗಳಲ್ಲಿ 40 ಒಂದೇ ಅಂಡದವು, 60 ಎರಡು ಅಂಡದವು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಆ 40ರಲ್ಲಿ ಸುಮಾರು 12ಕ್ಕೆ ಎರಡು ಮಾಸು ಇರುತ್ತವೆ. ಎರಡು ಅಂಡದ ಅರವತ್ತಕ್ಕೂ ಎರಡು ಮಾಸು. ಅಲ್ಲಿಗೆ ‘ಎರಡು ಮಾಸು’ ಎಂಬ ವರದಿ ಬಂದವರು 72 ಮಂದಿ, ಅವರಲ್ಲಿ 12 ಮಂದಿಯ ಮಕ್ಕಳು ಏಕರೂಪಿಗಳು. ಅಂದರೆ ಆರರಲ್ಲಿ ಒಂದು. ಹೆರಿಗೆಯ ದಿನ ಇಬ್ಬರೂ ಹೆಣ್ಣು ಅಥವಾ ಇಬ್ಬರೂ ಗಂಡು ಎಂದಾದರೆ ಲೆಕ್ಕ ಬದಲಾಗುತ್ತದೆ. ಎರಡು ಅಂಡದ ಅರವತ್ತರಲ್ಲಿ ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಒಂದು ಗಂಡು, ಒಂದು ಹೆಣ್ಣು. ಅವು ಲೆಕ್ಕದಿಂದ ಹೊರಬಿದ್ದರೆ ಉಳಿಯುವುದು 30, ಅದಕ್ಕೆ 12 ಸೇರಿ 42. ನಲವತ್ತೆರಡರಲ್ಲಿ ಹನ್ನೆರಡು ಎಂದರೆ ಹತ್ತರಲ್ಲಿ ಮೂರರ ಹತ್ತಿರ ಹತ್ತಿರ. ಇದನ್ನು ಚಿಕ್ಕ ಸಾಧ್ಯತೆ ಎಂದು ಬದಿಗೆ ತಳ್ಳುವಂತಿಲ್ಲ.

ಒಂದು ಗಂಡು ಒಂದು ಹೆಣ್ಣು ಎಂದು ಈಗಲೇ ತಿಳಿದರೆ ಪ್ರಶ್ನೆ ಇಲ್ಲಿಗೇ ಮುಗಿಯುತ್ತಿತ್ತು. ಬೇರೆ ದೇಶಗಳಲ್ಲಿ ಡಾಕ್ಟರುಗಳು ಆ ದಾರಿ ಹಿಡಿಯುತ್ತಾರೆ. ನಮ್ಮಲ್ಲಿ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಂತೆ ಹೊಟ್ಟೆಯಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ಹೇಳುವುದೂ ಅಪರಾಧ, ಹೇಳಿ ಎಂದು ಕೇಳುವುದೂ ಅಪರಾಧ. ಆದ್ದರಿಂದ ಹೆರಿಗೆಯವರೆಗೆ ಈ ಸುಳಿವು ನಿಮಗೆ ಸಿಗುವುದಿಲ್ಲ. ಸಿಗದಿದ್ದರೂ ಬಸಿರಿನ ಆರೈಕೆಯಲ್ಲಿ ಏನೂ ಕೊರತೆಯಾಗದು. ಹೊಟ್ಟೆಯಲ್ಲಿ ಮಕ್ಕಳ ಕ್ಷೇಮಕ್ಕೆ ಮುಖ್ಯವಾದದ್ದು ಅಂಡ ಎಷ್ಟು ಎನ್ನುವುದಲ್ಲ, ಮಾಸು ಎಷ್ಟು ಎನ್ನುವುದು.

ಈಗ ನಿಮ್ಮ ಮುಖ್ಯ ಪ್ರಶ್ನೆ: ಒಂದು ಎರಡಾಗುವುದು ಯಾವಾಗ? ಇದಕ್ಕೆ ಮೊದಲ ಎರಡು ವಾರಗಳನ್ನು ಹತ್ತಿರದಿಂದ ನೋಡಬೇಕು. ಒಂದು ಎಚ್ಚರ: ಡಾಕ್ಟರು ಹೇಳುವ ವಾರದ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ ಶುರುವಾಗುತ್ತದೆ. ನಾನು ಕೆಳಗೆ ಹೇಳುವ ದಿನಗಳು ಅಂಡ ಮತ್ತು ವೀರ್ಯಾಣು ಕೂಡಿದ ದಿನದಿಂದ. ಎರಡರ ನಡುವೆ ಸುಮಾರು ಎರಡು ವಾರದ ಅಂತರ. ನಿಮಗೆ 13 ವಾರ ಎಂದರೆ ಮಕ್ಕಳಿಗೆ ನಿಜವಾಗಿ 11 ವಾರ. ನೀವು ಮುಟ್ಟು ತಪ್ಪಿತೆಂದು ಗಮನಿಸುವ ಹೊತ್ತಿಗಾಗಲೇ ಒಂದು ಎರಡಾಗುವ ಕೆಲಸ ಮುಗಿದುಹೋಗಿರುತ್ತದೆ.

ಅಂಡಾಣುವಿನ ಅಡ್ಡಳತೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಚೂಪಾದ ಪೆನ್ಸಿಲಿನ ತುದಿ ಕಾಗದಕ್ಕೆ ತಗುಲಿದರೆ ಮೂಡುವ ಚುಕ್ಕೆಗಿಂತ ಚಿಕ್ಕದು. ಅದರ ಸುತ್ತ ಜೋನಾ ಎಂಬ ಪಾರದರ್ಶಕ ಕವಚವಿರುತ್ತದೆ. ವೀರ್ಯಾಣು ಒಳಸೇರಿದ ಒಂದು ದಿನದ ಮೇಲೆ ಅದು ಎರಡು ಜೀವಕೋಶವಾಗಿ ಸೀಳುತ್ತದೆ, ಎರಡನೇ ದಿನ ನಾಲ್ಕು, ಮೂರನೇ ದಿನ ಎಂಟು. ಒಟ್ಟು ಗಾತ್ರ ಬೆಳೆಯುವುದಿಲ್ಲ. ಒಂದು ಉಂಡೆಯನ್ನು ಕತ್ತರಿಸುತ್ತ ಹೋದಂತೆ ಪ್ರತಿ ಕೋಶವೂ ಚಿಕ್ಕದಾಗುತ್ತ ಹೋಗುತ್ತದೆ. ಈ ಹಂತದಲ್ಲಿ ಕೋಶಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ, ಸುತ್ತಲಿನ ಜೋನಾ ಕವಚವೇ ಅವನ್ನು ಒಟ್ಟಿಗೆ ಹಿಡಿದಿರುತ್ತದೆ. ನಾಲ್ಕನೇ ದಿನ ಕೋಶಗಳು ಒತ್ತಾಗಿ ಅಂಟಿ ಹಿಪ್ಪುನೇರಳೆ ಹಣ್ಣಿನಂತೆ ಕಾಣುತ್ತವೆ. ರೇಷ್ಮೆ ಬೆಳೆಗಾರರ ಮನೆಯ ಆ ಹಣ್ಣಿನ ಲ್ಯಾಟಿನ್ ಹೆಸರಿನಿಂದಲೇ ಈ ಹಂತಕ್ಕೆ ಮೊರುಲಾ ಎಂಬ ಹೆಸರು ಬಂದದ್ದು.

ಐದನೇ ದಿನ ದೊಡ್ಡ ತಿರುವು. ಉಂಡೆಯೊಳಗೆ ನೀರು ತುಂಬಿ ಟೊಳ್ಳಾಗುತ್ತದೆ, ಕೋಶಗಳು ಎರಡು ಪಾಲಾಗುತ್ತವೆ. ಹೊರಗಿನ ಒಂದು ಪದರದಿಂದ ಮುಂದೆ ಮಾಸು ಮತ್ತು ಹೊರಚೀಲವಾದ ಕೋರಿಯಾನ್ ಆಗುತ್ತವೆ. ಒಳಗೋಡೆಗೆ ಒಂದು ಕಡೆ ಅಂಟಿಕೊಂಡ ಪುಟ್ಟ ಗುಂಪಿನಿಂದ ಮಗು ಆಗುತ್ತದೆ. ಈ ಹಂತಕ್ಕೆ ಬ್ಲಾಸ್ಟೊಸಿಸ್ಟ್ ಎನ್ನುತ್ತಾರೆ. ಐದಾರನೇ ದಿನ ಇದು ಜೋನಾ ಕವಚವನ್ನು ಬಿರಿದು ಮೊಟ್ಟೆಯಿಂದ ಮರಿ ಬಂದ ಹಾಗೆ ಹೊರಬಂದು, ಆರು ಏಳನೇ ದಿನದಿಂದ ಗರ್ಭಕೋಶದ ಒಳಪದರಕ್ಕೆ ಕಚ್ಚಿಕೊಳ್ಳುತ್ತದೆ. ಎಂಟನೇ ದಿನದ ಹೊತ್ತಿಗೆ ಒಳಗುಂಪಿನ ಪಕ್ಕದಲ್ಲಿ ಆಮ್ನಿಯಾನ್, ಅಂದರೆ ನೀರಿನ ಚೀಲ, ಮೂಡತೊಡಗುತ್ತದೆ. ಹದಿನಾಲ್ಕು ಹದಿನೈದನೇ ದಿನ ತಟ್ಟೆಯಂತಿರುವ ಭ್ರೂಣದ ಮೇಲೆ ಒಂದು ಗೆರೆ ಏಳುತ್ತದೆ. ತಲೆ ಯಾವ ಕಡೆ, ಕಾಲು ಯಾವ ಕಡೆ, ಎಡ ಯಾವುದು, ಬಲ ಯಾವುದು ಎಲ್ಲ ಗೊತ್ತಾಗುವುದು ಆಗ. ಅಲ್ಲಿಂದ ಮುಂದೆ ಅದು ಒಂದೇ ಮಗು, ಎರಡಾಗಲು ಬಾರದು.

ಈ ಹದಿನಾಲ್ಕು ದಿನಗಳಲ್ಲಿ ಭ್ರೂಣ ಯಾವಾಗ ಎರಡಾಯಿತೋ ಅದರ ಮೇಲೆ ಮಾಸು ಮತ್ತು ಚೀಲಗಳ ಲೆಕ್ಕ ನಿಲ್ಲುತ್ತದೆ ಎಂಬುದು ಪಠ್ಯಪುಸ್ತಕದ ವಿವರಣೆ. ಮೊದಲ ಮೂರು ದಿನದೊಳಗೆ, ಹೊರಪದರ ಇನ್ನೂ ಆಗಿರದಿದ್ದಾಗ ಬೇರೆಯಾದರೆ ಪ್ರತಿ ಅರ್ಧವೂ ತನ್ನದೇ ಮಾಸು, ತನ್ನದೇ ನೀರಿನ ಚೀಲ ಮಾಡಿಕೊಳ್ಳುತ್ತದೆ. ಇದೇ ನಿಮ್ಮ ವರದಿಯಲ್ಲಿರುವ ಡಿಸಿಡಿಎ, ಎರಡು ಕೋರಿಯಾನ್ ಎರಡು ಆಮ್ನಿಯಾನ್. ನಾಲ್ಕರಿಂದ ಎಂಟನೇ ದಿನದ ನಡುವೆ, ಹೊರಪದರ ಆಗಿಹೋದ ಮೇಲೆ ಒಳಗುಂಪು ಮಾತ್ರ ಎರಡಾದರೆ ಮಾಸು ಒಂದು, ನೀರಿನ ಚೀಲ ಎರಡು. ಇದಕ್ಕೆ ಎಂಸಿಡಿಎ ಎನ್ನುತ್ತಾರೆ. ಏಕರೂಪಿ ಅವಳಿಗಳಲ್ಲಿ ಮೂರನೇ ಎರಡು ಪಾಲಿಗೂ ತುಸು ಹೆಚ್ಚು ಈ ಬಗೆಯವು. ಎಂಟರಿಂದ ಹನ್ನೆರಡು ಹದಿಮೂರನೇ ದಿನದ ನಡುವೆ ಎರಡಾದರೆ ಇಬ್ಬರೂ ಒಂದೇ ನೀರಿನ ಚೀಲದಲ್ಲಿ ಇರುತ್ತಾರೆ. ನೂರು ಏಕರೂಪಿ ಜೋಡಿಗಳಲ್ಲಿ ಇಂಥವು ಒಂದೆರಡು ಮಾತ್ರ, ಹೊಕ್ಕುಳಬಳ್ಳಿಗಳು ಸುತ್ತಿಕೊಳ್ಳುವ ಅಪಾಯ ಇವರಿಗೆ. ಅದಕ್ಕೂ ತಡವಾಗಿ, ಬೇರ್ಪಡುವುದು ಅರ್ಧಕ್ಕೇ ನಿಂತರೆ ಅಂಟಿಕೊಂಡ ಅವಳಿ.

ಕಡಲೆಕಾಯಿ ಬಿಡಿಸುವಾಗ ಇದನ್ನು ನೆನೆಸಿಕೊಳ್ಳಿ. ಒಂದು ಸಿಪ್ಪೆಯೊಳಗೆ ಎರಡು ಬೀಜ, ಪ್ರತಿ ಬೀಜಕ್ಕೂ ತನ್ನದೇ ತೆಳು ಕೆಂಪು ಹೊಟ್ಟು. ಅದು ಎಂಸಿಡಿಎ. ಹೊರಗಿನ ಗಟ್ಟಿ ಸಿಪ್ಪೆ ಕೋರಿಯಾನ್, ತೆಳು ಹೊಟ್ಟು ಆಮ್ನಿಯಾನ್. ಒಂದೊಂದೇ ಬೀಜದ ಎರಡು ಕಡಲೆಕಾಯಿ ಪಕ್ಕಪಕ್ಕದಲ್ಲಿದ್ದರೆ ಅದು ಡಿಸಿಡಿಎ. ಆ ಎರಡು ಕಾಯಿ ಒತ್ತಾಗಿ ಕೂತು ಒಂದೇ ಎಂಬಂತೆ ಕಾಣುವುದೂ ಉಂಟು. ಗರ್ಭಕೋಶದಲ್ಲೂ ಎರಡು ಮಾಸುಗಳು ಅಕ್ಕಪಕ್ಕ ಬೇರೂರಿ ಕೂಡಿಕೊಂಡು ಒಂದರಂತೆ ಕಾಣುತ್ತವೆ. ಹಾಗಾಗಿ ಸ್ಕ್ಯಾನಿಂಗ್ ಮಾಡುವವರು ಮಾಸಿನ ತಲೆಯೆಣಿಕೆಯನ್ನಷ್ಟೇ ನಂಬುವುದಿಲ್ಲ, ಚೀಲಗಳ ನಡುವಿನ ಗೋಡೆ ಮಾಸನ್ನು ಸೇರುವ ಜಾಗವನ್ನು ನೋಡುತ್ತಾರೆ. ಅಲ್ಲಿ ಮಾಸಿನ ಒಂದು ಚೂರು ತ್ರಿಕೋನವಾಗಿ ಗೋಡೆಯೊಳಕ್ಕೆ ಏರಿದ್ದರೆ ಅದು ಲ್ಯಾಂಬ್ಡಾ ಗುರುತು, ಅಂದರೆ ಎರಡು ಕೋರಿಯಾನ್. ಎಳೆಯಷ್ಟು ತೆಳು ಗೋಡೆ ನೇರ ಬಂದು ಇಂಗ್ಲಿಷಿನ ಟಿ ಅಕ್ಷರದಂತೆ ತಗುಲಿದ್ದರೆ ಒಂದೇ ಕೋರಿಯಾನ್. ಈ ಗುರುತು 11ರಿಂದ 14 ವಾರದೊಳಗೆ ಅತಿ ಸ್ಪಷ್ಟ. ತಡವಾದಂತೆ ತ್ರಿಕೋನ ಕರಗಿ ಕಾಣದಂತಾಗಬಹುದು. ನಿಮ್ಮ ಸ್ಕ್ಯಾನ್ ಸರಿಯಾದ ಸಮಯಕ್ಕೇ ಆಗಿದೆ. ಆ ವರದಿ ಮತ್ತು ಆ ಚಿತ್ರದ ಪ್ರತಿಯನ್ನು ಜೋಪಾನವಾಗಿಡಿ. ಏಳನೇ ತಿಂಗಳಲ್ಲಿ ಬೇರೆ ಕಡೆ ತೋರಿಸಿ ‘ಮಾಸು ಒಂದೇ ಕಾಣುತ್ತಿದೆ’ ಎಂದರೆ ಗಾಬರಿಯಾಗದೆ ಇದನ್ನು ತೋರಿಸಿ.

ಮೇಲಿನ ದಿನಗಳ ಲೆಕ್ಕ ಎಲ್ಲ ಪುಸ್ತಕಗಳಲ್ಲೂ ಇದೆ, ಆದರೆ ಅದು ಬಂದ ದಾರಿ ನಿಮಗೆ ಗೊತ್ತಿರಬೇಕು. ಅಮೆರಿಕದ ಭ್ರೂಣಶಾಸ್ತ್ರಜ್ಞ ಜಾರ್ಜ್ ಕಾರ್ನರ್ 1955ರಲ್ಲಿ ಇದನ್ನು ಮಂಡಿಸಿದರು. ಅವರು ಮಾಸು ಮತ್ತು ಚೀಲಗಳ ಜೋಡಣೆಯನ್ನು ನೋಡಿ ಹಿಂದಕ್ಕೆ ತರ್ಕಿಸಿದರೇ ಹೊರತು, ತಾಯಿಯ ಹೊಟ್ಟೆಯಲ್ಲಿ ಭ್ರೂಣ ಎರಡಾಗುವುದನ್ನು ಕಣ್ಣಾರೆ ಕಂಡವರು ಇವತ್ತಿಗೂ ಇಲ್ಲ. ತರ್ಕ ಗಟ್ಟಿಯಾಗಿದೆ. ಆದರೂ ‘ಮೂರನೇ ದಿನ’, ‘ಎಂಟನೇ ದಿನ’ ಎನ್ನುವ ಗಡಿಗಳನ್ನು ಗಡಿಯಾರದ ಮುಳ್ಳಿನಂತೆ ತೆಗೆದುಕೊಳ್ಳಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಬಲವಾದ ಕಾರಣ ಕೊಟ್ಟದ್ದು ಐವಿಎಫ್, ಅಂದರೆ ದೇಹದ ಹೊರಗೆ ಅಂಡ ಮತ್ತು ವೀರ್ಯಾಣು ಕೂಡಿಸುವ ಪ್ರಯೋಗಾಲಯಗಳು. ಐದನೇ ದಿನದ ಒಂದೇ ಒಂದು ಬ್ಲಾಸ್ಟೊಸಿಸ್ಟನ್ನು ಗರ್ಭಕೋಶಕ್ಕೆ ಸೇರಿಸಿದರೂ ಕೆಲವೊಮ್ಮೆ ಎರಡು ಮಾಸಿನ ಏಕರೂಪಿ ಅವಳಿ ಹುಟ್ಟಿದ್ದುಂಟು. ಕಾರ್ನರ್ ಲೆಕ್ಕದಂತೆ ಅಷ್ಟು ಹೊತ್ತಿಗೆ ಎರಡು ಮಾಸಿನ ಅವಕಾಶ ಮುಗಿದಿರಬೇಕಿತ್ತು.

ಅದೇ ಪ್ರಯೋಗಾಲಯಗಳಲ್ಲಿ ಸೂಕ್ಷ್ಮದರ್ಶಕದಡಿ ಕಣ್ಣಿಗೆ ಬಿದ್ದದ್ದೂ ಇದೆ. ಕೆಲವು ಬ್ಲಾಸ್ಟೊಸಿಸ್ಟುಗಳಲ್ಲಿ ಒಳಗುಂಪು ಒಂದರ ಬದಲು ಎರಡು ಇರುತ್ತವೆ, ಒಂದೇ ಟೊಳ್ಳು ಚೆಂಡಿನ ಎದುರುಬದುರು ಗೋಡೆಗೆ ಒಂದೊಂದು. ಇನ್ನು ಕೆಲವು ಜೋನಾ ಕವಚದ ಕಿರಿದಾದ ಬಿರುಕಿನಿಂದ ಹೊರಬರುವಾಗ ಸೊಂಟದಲ್ಲಿ ಸಿಕ್ಕಿಕೊಂಡು ಅರ್ಧ ಒಳಗೆ ಅರ್ಧ ಹೊರಗೆ, ಇಂಗ್ಲಿಷಿನ 8ರ ಆಕಾರಕ್ಕೆ ಬರುತ್ತವೆ. ಒಳಗುಂಪು ಆ ಇಕ್ಕಟ್ಟಿನಲ್ಲೇ ಇದ್ದರೆ ಹಿಂಡಿ ಎರಡಾಗಬಹುದು. ಸಹಜ ಬಸಿರಿನಲ್ಲಿ ಏಕರೂಪಿ ಅವಳಿ ಸಾವಿರಕ್ಕೆ ಸುಮಾರು ನಾಲ್ಕು. ಐವಿಎಫ್‌ನಲ್ಲಿ ಒಂದೇ ಭ್ರೂಣ ಸೇರಿಸಿದಾಗ ನೂರಕ್ಕೆ ಒಂದರಿಂದ ಎರಡರ ತನಕ, ಅದರಲ್ಲೂ ಮೂರನೇ ದಿನದ ಭ್ರೂಣಕ್ಕಿಂತ ಐದನೇ ದಿನದ ಬ್ಲಾಸ್ಟೊಸಿಸ್ಟಿನಲ್ಲಿ ಹೆಚ್ಚು. ‘ಒಂದೇ ಭ್ರೂಣ ಹಾಕಿಸಿದ್ದೆವು, ಅವಳಿ ಹೇಗಾಯಿತು’ ಎಂದು ಡಾಕ್ಟರರನ್ನು ಅನುಮಾನಿಸುವ ದಂಪತಿಗಳಿಗೆ ಉತ್ತರ ಇಲ್ಲಿದೆ.

ಅರ್ಧ ಭ್ರೂಣದಿಂದ ಅರ್ಧ ಮಗುವೇಕೆ ಆಗುವುದಿಲ್ಲ? 1891ರಲ್ಲಿ ಜರ್ಮನಿಯ ಜೀವವಿಜ್ಞಾನಿ ಹಾನ್ಸ್ ಡ್ರೀಶ್ ಕಡಲ ಮುಳ್ಳುಚೆಂಡು ಎಂಬ ಪ್ರಾಣಿಯ ಎರಡು ಕೋಶದ ಭ್ರೂಣವನ್ನು ನೀರಿನಲ್ಲಿ ಜೋರಾಗಿ ಕುಲುಕಿ ಕೋಶಗಳನ್ನು ಬಿಡಿಸಿದರು. ಪ್ರತಿ ಕೋಶವೂ ಚಿಕ್ಕದಾದರೂ ಪೂರ್ಣವಾದ ಲಾರ್ವಾ ಆಯಿತು. ಕೆಲ ವರ್ಷಗಳ ಮೇಲೆ ಹಾನ್ಸ್ ಸ್ಪೀಮಾನ್ ಎಳೆಮಗುವಿನ ನಯವಾದ ಕೂದಲೆಳೆಯನ್ನು ಕುಣಿಕೆ ಮಾಡಿ, ಹಲ್ಲಿಯಂತೆ ಕಾಣುವ ಸಲಮಾಂಡರ್ ಎಂಬ ಪ್ರಾಣಿಯ ಭ್ರೂಣದ ನಡುವಿಗೆ ಬಿಗಿದರು. ಪೂರ್ತಿ ಬಿಗಿದಾಗ ಎರಡು ಪೂರ್ಣ ಮರಿಗಳು. ಸ್ವಲ್ಪವೇ ಬಿಗಿದಾಗ ಎರಡು ತಲೆಯ ಒಂದೇ ಮರಿ, ನಮ್ಮ ಅಂಟಿಕೊಂಡ ಅವಳಿಯ ಹಾಗೆ. ಕುಣಿಕೆಯನ್ನು ಬೇರೆ ದಿಕ್ಕಿಗೆ ಹಾಕಿದಾಗ ಒಂದು ಕಡೆ ಮರಿ, ಇನ್ನೊಂದು ಕಡೆ ಬರೀ ಹೊಟ್ಟೆಯ ಮುದ್ದೆ. ಅಂದರೆ ಎರಡಾದರೆ ಸಾಲದು, ಎರಡು ಪಾಲಿಗೂ ದೇಹ ಕಟ್ಟುವ ಸಾಮಗ್ರಿ ಸಿಗಬೇಕು. ಸ್ಪೀಮಾನ್ ಅವರಿಗೆ 1935ರಲ್ಲಿ ನೊಬೆಲ್ ಬಂತು. 1979ರಲ್ಲಿ ಸ್ಟೀನ್ ವಿಲಾಡ್ಸೆನ್ ಕುರಿಯ ಭ್ರೂಣವನ್ನು ಹೀಗೇ ಬಿಡಿಸಿ ಏಕರೂಪಿ ಮರಿಗಳನ್ನು ಹುಟ್ಟಿಸಿದರು. ಮೊದಲ ದಿನಗಳ ಕೋಶಗಳು ‘ನಾನು ಕೈ, ನೀನು ಕಾಲು’ ಎಂದು ಇನ್ನೂ ಹಂಚಿಕೊಂಡಿರುವುದಿಲ್ಲ. ನೆರೆಯ ಕೋಶಗಳಿಂದ ಬರುವ ಸಂಕೇತ ನೋಡಿ ತಮ್ಮ ಕೆಲಸ ಹಿಡಿಯುತ್ತವೆ. ನೆರೆ ಅರ್ಧ ಕಾಣೆಯಾದರೆ ಉಳಿದವು ಪೂರ್ತಿ ಯೋಜನೆಯನ್ನು ಮೊದಲಿಂದ ಹಾಕಿಕೊಳ್ಳುತ್ತವೆ.

ಹಾಗಾದರೆ ಎರಡಾಗು ಎಂದು ಯಾವುದು ಹೇಳುತ್ತದೆ? ಮನುಷ್ಯರಲ್ಲಿ ಕಾರಣ ಇನ್ನೂ ಸಿಕ್ಕಿಲ್ಲ. ಒಂಬತ್ತು ಪಟ್ಟೆಯ ಆರ್ಮಡಿಲೊ ಎಂಬ ಅಮೆರಿಕದ ಪ್ರಾಣಿ ಪ್ರತಿ ಸಲವೂ ಒಂದೇ ಅಂಡದಿಂದ ನಾಲ್ಕು ಏಕರೂಪಿ ಮರಿ ಹಾಕುತ್ತದೆ. ಅಲ್ಲಿ ಅದು ನಿಯಮ, ನಮ್ಮಲ್ಲಿ ಆಕಸ್ಮಿಕ. ಒಂದು ಹೊಸ ಸುಳಿವು ಮಾತ್ರ ಹೇಳಲೇಬೇಕು. 2021ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರ ನೇತೃತ್ವದ ತಂಡ, ಏಕರೂಪಿ ಅವಳಿಗಳ ಡಿಎನ್ಎಯಲ್ಲಿ 834 ಜಾಗಗಳಲ್ಲಿ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಉಳಿದವರಿಗಿಂತ ಬೇರೆ ರೀತಿ ಇವೆ ಎಂದು ತೋರಿಸಿತು. ಡಿಎನ್ಎ ಅಕ್ಷರಗಳು ಬದಲಾಗಿಲ್ಲ, ಅದರ ಮೇಲೆ ಬಿದ್ದ ಮುದ್ರೆ ಬದಲಾಗಿದೆ. ಅವುಗಳಲ್ಲಿ ಹಲವು, ಕೋಶಕೋಶ ಅಂಟಿಕೊಳ್ಳುವ ಕೆಲಸದ ಜೀನ್‌ಗಳ ಬಳಿ ಇವೆ. ಆ ಮುದ್ರೆ ಎರಡಾಗುವುದಕ್ಕೆ ಕಾರಣವೋ, ಎರಡಾದದ್ದರ ಕಲೆಯೋ ತೀರ್ಮಾನವಾಗಿಲ್ಲ. ಆದರೆ ಅದು ದೊಡ್ಡವರಾದ ಮೇಲೂ ಉಳಿಯುತ್ತದೆ. ಬಸಿರಿನ ಆರಂಭದಲ್ಲೇ ಜೊತೆಯ ಭ್ರೂಣ ಕರಗಿಹೋಗಿ ಒಬ್ಬಂಟಿಯಾಗಿ ಹುಟ್ಟಿದವರನ್ನೂ ಇದರಿಂದ ಗುರುತಿಸಲು ಸಾಧ್ಯವಾದೀತು.

ಇನ್ನು ಅತ್ತೆಯವರ ಮಾತು. ಎರಡು ಅಂಡದ ಅವಳಿ ವಂಶದಲ್ಲಿ ಬರುವುದು ನಿಜ. ಮೆದುಳಿನ ತಳದ ಪಿಟ್ಯುಟರಿ ಗ್ರಂಥಿಯಿಂದ ಎಫ್ಎಸ್ಎಚ್ ಎಂಬ ಹಾರ್ಮೋನು ಬಂದು ತಿಂಗಳಿಗೊಂದು ಅಂಡ ಮಾಗುವಂತೆ ಮಾಡುತ್ತದೆ. ಅದು ಹೆಚ್ಚಿದ್ದರೆ ಎರಡು ಮಾಗಬಹುದು. 2016ರಲ್ಲಿ ಎಫ್ಎಸ್ಎಚ್‌ಬಿ ಮತ್ತು ಸ್ಮ್ಯಾಡ್3 ಎಂಬ ಎರಡು ಜೀನ್‌ಗಳಿಗೆ ಇದರಲ್ಲಿ ಪಾತ್ರವಿದೆ ಎಂದು ತಿಳಿಯಿತು. ವಯಸ್ಸು 35ರ ಹತ್ತಿರ ಬಂದಂತೆ ಈ ಹಾರ್ಮೋನು ಏರುವುದರಿಂದ ಆಗ ಅಂಥ ಅವಳಿ ಹೆಚ್ಚು. ನೈಜೀರಿಯಾದ ಯೊರುಬಾ ಜನರಲ್ಲಿ ಬಹಳ ಹೆಚ್ಚು, ಜಪಾನಿನಲ್ಲಿ ಬಹಳ ಕಡಿಮೆ. ಆದರೆ ಇದೆಲ್ಲ ನಡೆಯುವುದು ತಾಯಿಯ ಅಂಡಾಶಯದಲ್ಲಿ. ನಿಮ್ಮ ಯಜಮಾನರಿಗೆ ಅಜ್ಜಿಯಿಂದ ಆ ಗುಣ ಬಂದಿದ್ದರೂ ಅದು ನಿಮ್ಮ ಅಂಡಾಶಯದ ಮೇಲೆ ಕೆಲಸ ಮಾಡಲಾರದು. ನಿಮಗೆ ಹೆಣ್ಣುಮಕ್ಕಳಾದರೆ ಅವರ ಮೂಲಕ ಮೊಮ್ಮಕ್ಕಳ ಕಾಲಕ್ಕೆ ಕಾಣಿಸಬಹುದು. ಅಜ್ಜಿಯ ಮಕ್ಕಳು ನಿಜಕ್ಕೂ ಏಕರೂಪಿಗಳಾಗಿದ್ದರೆ ಅಷ್ಟೂ ಇಲ್ಲ, ಆ ಬಗೆ ಕೆಲವೇ ಕೆಲವು ಕುಟುಂಬಗಳನ್ನು ಬಿಟ್ಟರೆ ವಂಶದಲ್ಲಿ ಬರುವುದಿಲ್ಲ. ತಾಯಿಯ ವಯಸ್ಸು, ದೇಶ, ಜನಾಂಗ ಯಾವುದಾದರೂ ಸಾವಿರಕ್ಕೆ ನಾಲ್ಕರ ಹತ್ತಿರವೇ ನಿಲ್ಲುತ್ತದೆ. ಜೋಡಿ ಬಾಳೆಹಣ್ಣು ಬಾಳೆಹೂವಿನ ಬೆಳವಣಿಗೆಯಲ್ಲಿ ಎರಡು ಕಾಯಿ ಕೂಡಿಕೊಂಡದ್ದು. ಅದು ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ, ಅಂಡಾಶಯಕ್ಕೆ ಸುದ್ದಿ ಮುಟ್ಟಿಸುವುದಿಲ್ಲ. ಓರಗಿತ್ತಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಬಸಿರಿಗೆ ಮುಂಚೆ ಕ್ಲೋಮಿಫೀನ್ ಅಥವಾ ಲೆಟ್ರೊಜೋಲ್ ಮಾತ್ರೆ ತೆಗೆದುಕೊಂಡಿದ್ದಿರಾ? ಹೌದಾದರೆ ಎರಡು ಅಂಡ ಬಿಟ್ಟಿರುವ ಸಾಧ್ಯತೆ ಏರುತ್ತದೆ, ಮೇಲೆ ನಾನು ಹಾಕಿದ ಲೆಕ್ಕ ನಿಮಗೆ ಹೊಂದುವುದಿಲ್ಲ.

ವರದಿಯಲ್ಲಿ ಎಂಸಿಡಿಎ ಎಂದು ಬಂದಿರುವ ಬೇರೆ ಓದುಗರಿಗಾಗಿ ಇಲ್ಲಿ ಒಂದು ಮಾತು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದೇ ಮಾಸಿನಲ್ಲಿ ಇಬ್ಬರ ರಕ್ತನಾಳಗಳೂ ಒಳಗೊಳಗೇ ಸೇರಿಕೊಂಡಿರುತ್ತವೆ. ಹತ್ತರಿಂದ ಹದಿನೈದು ಶೇಕಡಾ ಬಸಿರುಗಳಲ್ಲಿ ರಕ್ತದ ಹರಿವು ಒಂದೇ ಕಡೆಗೆ ವಾಲಿ, ಒಂದು ಮಗುವಿಗೆ ನೀರು ಬತ್ತುತ್ತದೆ, ಇನ್ನೊಂದಕ್ಕೆ ಉಕ್ಕುತ್ತದೆ. ಸ್ಕ್ಯಾನಿಂಗ್‌ನಲ್ಲಿ ಒಂದು ಚೀಲದ ನೀರಿನ ಆಳ 2 ಸೆಂಟಿಮೀಟರಿಗಿಂತ ಕಡಿಮೆ, ಇನ್ನೊಂದರದು 8 ಸೆಂಟಿಮೀಟರಿಗಿಂತ ಹೆಚ್ಚು ಎಂದರೆ ಇದು ಶುರುವಾಗಿದೆ. ಚಿಕಿತ್ಸೆ ಮಾಡದೆ ಬಿಟ್ಟರೆ ಬಹುಪಾಲು ಇಬ್ಬರೂ ಉಳಿಯುವುದಿಲ್ಲ. ಸಕಾಲದಲ್ಲಿ ಹಿಡಿದರೆ ಆ ಕೂಡುನಾಳಗಳನ್ನು ಲೇಸರಿನಿಂದ ಮುಚ್ಚಬಹುದು, ಸಾಮಾನ್ಯವಾಗಿ 16ರಿಂದ 26 ವಾರದ ನಡುವೆ. ಅದಕ್ಕೇ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ತಪ್ಪಿಸಬಾರದು. ಒಂದೆರಡು ದಿನದಲ್ಲೇ ಹೊಟ್ಟೆ ಬಿಗಿದು ದೊಡ್ಡದಾದರೆ, ಮಲಗಿದರೆ ಉಸಿರು ಕಟ್ಟಿದರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ. ನಿಮ್ಮ ಡಿಸಿಡಿಎ ಬಸಿರಿನಲ್ಲಿ ಈ ಭಯವಿಲ್ಲ, ಅಂಡ ಒಂದೇ ಆಗಿದ್ದರೂ ಇಲ್ಲ. ನಿಮಗೆ 20ನೇ ವಾರದ ವಿವರ ಸ್ಕ್ಯಾನ್, ಆಮೇಲೆ ನಾಲ್ಕು ವಾರಕ್ಕೊಮ್ಮೆ ಬೆಳವಣಿಗೆಯ ಸ್ಕ್ಯಾನ್, ತೊಡಕಿಲ್ಲದಿದ್ದರೆ 37ರಿಂದ 38 ವಾರದೊಳಗೆ ಹೆರಿಗೆ.

ಹೆರಿಗೆಯಾದ ಮೇಲೆ ಪತ್ತೆ ಹಚ್ಚುವುದು ಹೇಗೆ? ಗಂಡು ಹೆಣ್ಣು ಬೇರೆಯಾದರೆ ಎರಡು ಅಂಡ, ಮುಗಿಯಿತು. ರಕ್ತದ ಗುಂಪು ಬೇರೆಯಾದರೂ ಎರಡು ಅಂಡ. ಗುಂಪು ಒಂದೇ ಆಗಿದ್ದರೆ ಏನೂ ಹೇಳಿದಂತಾಗಲಿಲ್ಲ, ಒಡಹುಟ್ಟಿದವರ ಗುಂಪು ಒಂದೇ ಇರುವುದು ಸಾಮಾನ್ಯ. ಮಾಸನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ನಡುಗೋಡೆಯ ಪದರ ಎಣಿಸುತ್ತಾರೆ. ನಾಲ್ಕು ಪದರವಿದ್ದರೆ ಎರಡು ಕೋರಿಯಾನ್, ಎರಡೇ ಆದರೆ ಒಂದು. ಆದರೆ ನಿಮ್ಮಲ್ಲಿ ಅದು ನಾಲ್ಕೇ ಬರುವುದರಿಂದ ಉಪಯೋಗವಿಲ್ಲ. ಮುಖದ ಹೋಲಿಕೆಯನ್ನು ನಂಬಬೇಡಿ, ಹುಟ್ಟುವಾಗ ಏಕರೂಪಿಗಳ ತೂಕದಲ್ಲೇ ಅರ್ಧ ಕಿಲೋ ವ್ಯತ್ಯಾಸವಿರಬಹುದು. ಉಳಿಯುವುದು ಡಿಎನ್ಎ ಪರೀಕ್ಷೆ, ಅದರಲ್ಲಿ 15ರಿಂದ 20 ಜಾಗಗಳನ್ನು ಹೋಲಿಸುತ್ತಾರೆ. ಮಾದರಿ ರಕ್ತದ್ದಲ್ಲ, ಕೆನ್ನೆಯ ಒಳಬದಿಯದು ಕೊಡಿ. ಹೊಟ್ಟೆಯಲ್ಲಿದ್ದಾಗ ಒಬ್ಬರ ರಕ್ತಕೋಶ ಇನ್ನೊಬ್ಬರಲ್ಲಿ ನೆಲೆಸಿದ್ದರೆ ರಕ್ತದ ಫಲಿತಾಂಶ ದಾರಿ ತಪ್ಪಿಸುತ್ತದೆ. ಹಾಲು ಕುಡಿಸಿ ಒಂದು ಗಂಟೆ ಬಿಡಿ, ಎದೆಹಾಲಿನಲ್ಲಿ ನಿಮ್ಮ ಕೋಶಗಳೂ ಇರುತ್ತವೆ. ಹತ್ತಿಯ ಕಡ್ಡಿಯನ್ನು ಕೆನ್ನೆಯ ಒಳಗೆ ಅರ್ಧ ನಿಮಿಷ ತಿರುಗಿಸುತ್ತ ಉಜ್ಜಿ, ಗಾಳಿಯಲ್ಲಿ ಒಣಗಿಸಿ, ಕಾಗದದ ಲಕೋಟೆಗೆ ಹಾಕಿ. ಪ್ಲಾಸ್ಟಿಕ್ಕಿಗೆ ಹಾಕಿದರೆ ತೇವಕ್ಕೆ ಬೂಸ್ಟು ಬರುತ್ತದೆ. ಮೊದಲ ಮಗುವಿನ ಲಕೋಟೆಯ ಮೇಲೆ ಹೆಸರು ಬರೆದ ಮೇಲೆಯೇ ಎರಡನೆಯದನ್ನು ಮುಟ್ಟಿ. ಮಾದರಿಗಳು ಅದಲುಬದಲಾಗಿ ಪರೀಕ್ಷೆ ಕೆಡುವುದು ಇಲ್ಲೇ.

ಈ ಪರೀಕ್ಷೆ ಬರೀ ಕುತೂಹಲಕ್ಕಲ್ಲ. 1954ರ ಡಿಸೆಂಬರಿನಲ್ಲಿ ಬೋಸ್ಟನ್ನಿನಲ್ಲಿ ಜೋಸೆಫ್ ಮರ್ರಿ ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿ ಏಕರೂಪಿ ಅಣ್ಣತಮ್ಮಂದಿರ ನಡುವೆ ಆದದ್ದು. ಒಬ್ಬರ ಅಂಗವನ್ನು ಇನ್ನೊಬ್ಬರ ದೇಹ ಪರಕೀಯವೆಂದು ತಿರಸ್ಕರಿಸಲಿಲ್ಲ. ಜೀನ್ ಪಾತ್ರವಿರುವ ಕಾಯಿಲೆ ಒಂದು ಮಗುವಿಗೆ ಬಂದರೆ, ಏಕರೂಪಿಯಾದ ಇನ್ನೊಂದನ್ನು ಲಕ್ಷಣ ಕಾಣುವ ಮೊದಲೇ ಪರೀಕ್ಷಿಸಬೇಕು.

ಆದರೆ ಏಕರೂಪಿ ಎಂಬ ಹೆಸರು ಹೇಳುವಷ್ಟು ಏಕರೂಪ ಅವರಲ್ಲಿಲ್ಲ. ಐಸ್‌ಲ್ಯಾಂಡಿನಲ್ಲಿ 381 ಏಕರೂಪಿ ಜೋಡಿಗಳ ಪೂರ್ಣ ಡಿಎನ್ಎ ಓದಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಳವಣಿಗೆಯ ಆರಂಭದಲ್ಲೇ ಆದ ಬದಲಾವಣೆಗಳಲ್ಲಿ ಜೋಡಿಗೆ ಸರಾಸರಿ 5.2 ವ್ಯತ್ಯಾಸ ಕಂಡಿತು. ಹೆಣ್ಣು ಅವಳಿಗಳಲ್ಲಿ ಇನ್ನೊಂದು ಕಾರಣ ಸೇರುತ್ತದೆ. ಪ್ರತಿ ಕೋಶದಲ್ಲಿ ಇರುವ ಎರಡು ಎಕ್ಸ್ ಕ್ರೋಮೋಸೋಮುಗಳಲ್ಲಿ ಒಂದು ಮುಚ್ಚಿಹೋಗುತ್ತದೆ, ಯಾವುದು ಎನ್ನುವುದು ಕೋಶದಿಂದ ಕೋಶಕ್ಕೆ ಬೇರೆ. ಹಾಗಾಗಿ ಎಕ್ಸ್‌ನಲ್ಲಿರುವ ಜೀನಿನಿಂದ ಬಂದು ಒಬ್ಬಳಲ್ಲಿ ಕಾಣುವ ಬಣ್ಣಗುರುಡು ಅವಳ ಏಕರೂಪಿ ತಂಗಿಯಲ್ಲಿ ಕಾಣದಿರಬಹುದು.

ಬೆರಳಚ್ಚೂ ಹಾಗೆಯೇ, ಒಂದೇ ಬರುವುದಿಲ್ಲ. ಸುರುಳಿಯೋ ಕಮಾನೋ ಎಂಬ ಒಟ್ಟು ವಿನ್ಯಾಸ ಹೋಲಬಹುದು, ಏಕೆಂದರೆ ಅದರಲ್ಲಿ ಜೀನಿನ ಕೈವಾಡ ಹೆಚ್ಚು. ಗೆರೆಗಳು ಎಲ್ಲಿ ಕವಲೊಡೆಯುತ್ತವೆ, ಎಲ್ಲಿ ನಿಲ್ಲುತ್ತವೆ ಎನ್ನುವುದು ಬೆರಳತುದಿಯ ಮೆತ್ತೆಯ ಉಬ್ಬು, ಅದು ಬೆಳೆಯುವ ವೇಗ, ಸುತ್ತಲಿನ ಒತ್ತಡ ಇವುಗಳಿಂದ ಆಗುವುದು. ಆಧಾರ್ ಯಂತ್ರ ನೋಡುವುದು ಆ ಕವಲುಗಳನ್ನೇ. ಕಣ್ಣಿನ ಪಾಪೆಯ ಸುತ್ತಲಿನ ಐರಿಸ್ ಚಿತ್ರವೂ ಇಬ್ಬರದು ಬೇರೆ. ಐದು ವರ್ಷದವರೆಗೆ ಮಕ್ಕಳ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ, ಐದಕ್ಕೆ ಒಮ್ಮೆ, ಹದಿನೈದಕ್ಕೆ ಇನ್ನೊಮ್ಮೆ ಕೊಡಬೇಕು. ಆದರೆ ಆ ಗೆರೆಗಳು ಮೂಡುವುದು 10ರಿಂದ 17ನೇ ವಾರದ ನಡುವೆ. ನಿಮಗೀಗ 13. ಇಬ್ಬರ ಬೆರಳತುದಿಗಳಲ್ಲೂ ಬೇರೆ ಬೇರೆ ಗೆರೆಗಳು ಈ ವಾರ ಏಳುತ್ತಿವೆ.